ಮನೆಯ ರಿಪೇರಿ: ಯಾವುದಕ್ಕೆ ನಾನೇ ಕೈಹಾಕುತ್ತೇನೆ, ಯಾವುದಕ್ಕೆ ಜನ ಕರೆಸುತ್ತೇನೆ

ರಾಜಾಜಿನಗರದ ನಮ್ಮ ಮನೆಯಲ್ಲಿ ಕಾವೇರಿ ನೀರಿನ ಜೊತೆಗೆ ಬೋರ್‌ವೆಲ್ ನೀರನ್ನೂ ಬಳಸುವುದರಿಂದ ನಲ್ಲಿ, ಶವರ್, ಗೀಸರ್‌ಗಳಲ್ಲಿ ಬಿಳಿ ಉಪ್ಪು ಕಟ್ಟುವುದು ತಪ್ಪಿದ್ದಲ್ಲ. ಹಾಗಾಗಿ ವರ್ಷವಿಡೀ ಒಂದಲ್ಲ ಒಂದು ರಿಪೇರಿ ಇದ್ದೇ ಇರುತ್ತದೆ. ಯಾವ ಕೆಲಸಕ್ಕೆ ಜನ ಕರೆಸಬೇಕೆಂಬುದನ್ನು ನಾನು ಕೂಲಿಯ ಲೆಕ್ಕದಿಂದ ತೀರ್ಮಾನಿಸುವುದಿಲ್ಲ. ಕೆಲಸ ಕೆಟ್ಟರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆಯೇ, ಬಿದ್ದ ಮೇಲೆ ಸರಿಪಡಿಸಲು ವ್ಯವಧಾನ ಸಿಗುತ್ತದೆಯೇ ಎಂದು ಮೊದಲು ನೋಡುತ್ತೇನೆ.

ತೊಟ್ಟಿಕ್ಕುವ ನಲ್ಲಿಯನ್ನು ನಾನೇ ಬದಲಿಸುತ್ತೇನೆ. ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಟ್ಟು, ಹಳೆಯ ನಲ್ಲಿಯನ್ನು ಬಿಚ್ಚಿದ ಮೇಲೆ, ಗೋಡೆಯೊಳಗಿನ ಥ್ರೆಡ್‌ನಲ್ಲಿ ಸಿಕ್ಕಿಕೊಂಡ ಟೇಪಿನ ಚೂರುಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯುತ್ತೇನೆ. ಹೊಸ ನಲ್ಲಿಯ ಥ್ರೆಡ್ಡನ್ನು ನಮ್ಮ ಕಡೆಗೆ ಹಿಡಿದು, ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಎಳೆದು ಸುತ್ತಬೇಕು; ಎದುರು ದಿಕ್ಕಿನಲ್ಲಿ ಸುತ್ತಿದರೆ ನಲ್ಲಿಯನ್ನು ಬಿಗಿಯುವಾಗ ಟೇಪು ಬಿಚ್ಚಿಕೊಂಡು ಹೊರಗೆ ಬರುತ್ತದೆ. ಸ್ಪ್ಯಾನರ್ ಹಿಡಿದು ಜೋರು ಮಾಡುವುದು ಬೇಡ, ಗೋಡೆಯೊಳಗಿನ ಪಿವಿಸಿ ಎಲ್ಬೋ (ಪೈಪಿನ ಬಾಗಿದ ಜೋಡಣೆ) ಸೀಳಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಉಳಿದಂತೆ, ಸೋರಿದರೆ ಕೆಳಗಿಟ್ಟ ಬಕೆಟ್ಟಿನಲ್ಲೇ ಗೊತ್ತಾಗುತ್ತದೆ.

ಗೀಸರ್ ವಿಷಯ ಬೇರೆ. ನೀರು ಕಾಯಿಸುವ, ಉಪ್ಪುಗಟ್ಟಿದ ಎಲಿಮೆಂಟ್ ಬದಲಿಸುವುದು ನಾಲ್ಕಾರು ನಟ್ಟು ಬೋಲ್ಟುಗಳ ಕೆಲಸವೇ ಹೌದು, ಬಿಡಿಭಾಗಗಳೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಕಳಚಿಕೊಂಡಿದ್ದರೂ ನೀರು ಎಂದಿನಂತೆ ಕಾಯುತ್ತಲೇ ಇರುತ್ತದೆ, ಒದ್ದೆ ಕೈ ತಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಸಿ, ಕೆಲಸ ಮುಗಿದ ಮೇಲೆ ಅರ್ಥಿಂಗ್ ಅಳೆದು ತೋರಿಸಲು ಕೇಳುತ್ತೇನೆ. ಮೇನ್ ಬೋರ್ಡಿಗೆ, ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇವೆ. ಆಗಾಗ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು ನನ್ನ ಪಾಲಿನ ಕೆಲಸ. ಗುಂಡಿ ಒತ್ತಿದಾಗ ಟ್ರಿಪ್ ಆದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಖಾತ್ರಿಯಾಗುತ್ತದೆ, ಅರ್ಥಿಂಗ್ ಸರಿಯಿದೆ ಎಂದಲ್ಲ. ಇದನ್ನು ಬಲ್ಲವರೂ ಮರೆಯುತ್ತಾರೆ.

ಬಣ್ಣ ಬಳಿಯುವುದು ಬಿಡುವಿದ್ದವರ ಕೆಲಸ, ನನಗೆ ಬಿಡುವಿಲ್ಲ.

ತಾರಸಿಯ ಸೋರಿಕೆಯಲ್ಲಿ ಮಾತ್ರ ತೀರ್ಮಾನ ಸುಲಭವಾಗಿರಲಿಲ್ಲ. ಲೇಪನ ಬಳಿಯುವುದು ಯಾರಿಗೂ ಬರುತ್ತದೆ, ಆದರೆ ಮೇಲೆ ನೀರು ಇಳಿಯುವ ಜಾಗ ಒಂದಾದರೆ ಒಳಗೆ ತೇವ ಕಾಣಿಸಿಕೊಳ್ಳುವ ಜಾಗ ಇನ್ನೊಂದಾಗಿರಬಹುದು. ಹಾಗಾಗಿ ಮೇಸ್ತ್ರಿಯನ್ನು ಹುಡುಕಿದೆ. ಕೆಲಸ ಮುಗಿದ ಮೇಲೆ ತಾರಸಿಯಲ್ಲಿ 24 ಗಂಟೆ ನೀರು ನಿಲ್ಲಿಸಿ ನೋಡಿದ ನಂತರವೇ ಬಾಕಿ ಹಣ ಕೊಡುವುದೆಂದು ಮೊದಲೇ ಹೇಳಿದೆ. “ಮಳೆ ಬಂದಾಗ ಗೊತ್ತಾಗುತ್ತೆ ಬಿಡಿ ಸಾರ್” ಎಂದವರನ್ನು ಕೈಮುಗಿದು ಕಳುಹಿಸಿ, ಷರತ್ತಿಗೆ ಒಪ್ಪಿದವರಿಗೆ ಮುಂಗಡ ಕೊಟ್ಟೆ.