ಚೌಕಿಗೆ ಒಂದು, ರಂಗಸ್ಥಳಕ್ಕೆ ಒಂದು: ದೊಡ್ಡ ಮಿರರ್‌ಲೆಸ್ ಮತ್ತು ಜೇಬಿನ ಕ್ಯಾಮರಾ ಹೋಲಿಸುವುದು ಹೇಗೆ

"ಅಣ್ಣಾ, ದೊಡ್ಡ ಮಿರರ್‌ಲೆಸ್ ತಗೊಳ್ಳುವುದಾ, ಜೇಬಿಗೆ ಹೋಗುವ ಚಿಕ್ಕದು ಸಾಕಾ?" ಯಕ್ಷಗಾನ ಆಟದ ಫೋಟೋ ತೆಗೆಯಬೇಕು ಅನ್ನುವ ಹುಡುಗರು ನನ್ನ ಹತ್ತಿರ ಮೊದಲು ಕೇಳುವುದು ಇದನ್ನೇ. ನಾನು ಕಾರ್ಕಳದ ಕಡೆಯವನು. ಹಗಲು ಮದುವೆ ಫೋಟೋ, ರಾತ್ರಿ ಯಕ್ಷಗಾನ. ನನ್ನ ಬ್ಯಾಗಿನಲ್ಲಿ ಎರಡೂ ಇವೆ. ಒಂದು ಸೋನಿ ಎ7 ಮಾರ್ಕ್ 4, ಲೆನ್ಸ್ ಬದಲಿಸಬಹುದಾದ ದೊಡ್ಡ ಮಿರರ್‌ಲೆಸ್, ಅದಕ್ಕೆ 70-200 ಎಂಎಂ ಎಫ್ 2.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟು ಒಳಗೆ ಬರುವ ಬೆಳಕು ಹೆಚ್ಚು). ಇನ್ನೊಂದು ಜೇಬಿನ ಕ್ಯಾಮರಾ, ರಿಕೋ ಜಿಆರ್ 3. ಒಂದೇ ರಾತ್ರಿ ಎರಡನ್ನೂ ಬಳಸುತ್ತೇನೆ. ಹಾಗಾಗಿ ಅವರಿಗೆ ಹೇಳುವುದು ಇಷ್ಟೇ: ಮೆಗಾಪಿಕ್ಸೆಲ್ ನೋಡಿ ಹೋಲಿಸಬೇಡಿ. ನೀವು ಎಲ್ಲಿ ನಿಲ್ಲುತ್ತೀರಿ, ಅಲ್ಲಿಂದ ವೇಷ ಎಷ್ಟು ದೂರ, ಅದನ್ನು ಮೊದಲು ಅಳೆಯಿರಿ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸುತ್ತೇನೆ. ಸೋನಿಯಲ್ಲಿ 33, ರಿಕೋದಲ್ಲಿ 24. ಗೋಡೆಗೆ ಹಾಕುವ 12x18 ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ತೆಗೆಸಿದರೂ 20 ಮೆಗಾಪಿಕ್ಸೆಲ್ ಸಾಕು. ಕ್ರಾಪ್ ಮಾಡದಿದ್ದರೆ ಎರಡೂ ಅಲ್ಲಿಗೆ ಮುಟ್ಟುತ್ತವೆ.

ದೂರದ ಲೆಕ್ಕವೂ ಕಷ್ಟದ್ದಲ್ಲ. ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಸಿಗುವುದು ಫ್ರೇಮಿನ ಅಗಲ. ಇದು ಫುಲ್‌ಫ್ರೇಮ್, ಅಂದರೆ ಸೋನಿಯಲ್ಲಿರುವ 36 ಎಂಎಂ ಅಗಲದ ಸೆನ್ಸರಿನ ಲೆಕ್ಕ. ರಿಕೋದ ಲೆನ್ಸ್ ನಿಜವಾಗಿ 18.3 ಎಂಎಂ, ಆದರೆ ಅದು ತೋರಿಸುವ ನೋಟ ಫುಲ್‌ಫ್ರೇಮಿನ 28 ಎಂಎಂನದ್ದು. ಆದ್ದರಿಂದ ಅದಕ್ಕೆ 28 ಅಂತಲೇ ಹಾಕಿ.

ಈಗ ಬಯಲಾಟದಲ್ಲಿ ರಂಗಸ್ಥಳದಿಂದ 8 ಮೀಟರ್ ದೂರದಲ್ಲಿ, ಕುಳಿತ ಜನರ ಪಕ್ಕದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ರಿಕೋದ ಫ್ರೇಮಿನ ಅಗಲ ಸುಮಾರು 10 ಮೀಟರ್ ಆಯಿತು. ಇಡೀ ರಂಗಸ್ಥಳ, ಟ್ಯೂಬ್‌ಲೈಟು, ಮುಂದಿನವರ ತಲೆ, ಎಲ್ಲ ಬರುತ್ತದೆ. ವೇಷ ಮಾತ್ರ ಚಿಕ್ಕದಾಗಿ ನಡುವೆ ಎಲ್ಲೋ ಇರುತ್ತದೆ. ಅದೇ ಜಾಗದಲ್ಲಿ ಸೋನಿಯ ಲೆನ್ಸನ್ನು 135ಕ್ಕೆ ಇಟ್ಟು ಕ್ಯಾಮರಾ ಉದ್ದಕ್ಕೆ ಹಿಡಿದರೆ 2.1 ಮೀಟರ್ ಎತ್ತರ ಸಿಗುತ್ತದೆ. ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಒಂದು ವೇಷ ಸರಿಯಾಗಿ ತುಂಬುತ್ತದೆ. "ರಿಕೋದಲ್ಲಿ ತೆಗೆದು ಆಮೇಲೆ ಕ್ರಾಪ್ ಮಾಡಿದರಾಯಿತಲ್ಲ" ಅನ್ನುವವರಿದ್ದಾರೆ. 28ರಿಂದ 135ಕ್ಕೆ ಕ್ರಾಪ್ ಮಾಡಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಬರೀ 1. ವಾಟ್ಸಾಪಿಗೆ ನಡೆಯುತ್ತದೆ, ಪ್ರಿಂಟಿಗೆ ಆಗುವುದಿಲ್ಲ.

ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ ಬನ್ನಿ. ಇಲ್ಲಿ ಲೆಕ್ಕ ತಿರುಗುತ್ತದೆ. ಕಲಾವಿದರು ಸಾಲಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಎದುರಿಗೆ ಕನ್ನಡಿ, ಬಣ್ಣದ ಡಬ್ಬಿ, ಪಕ್ಕದಲ್ಲಿ ವೇಷದ ಪೆಟ್ಟಿಗೆ. ಎರಡು ಸಾಲಿನ ನಡುವೆ ಒಬ್ಬರು ನಡೆದು ಹೋಗುವಷ್ಟು ಜಾಗ. ನಿಮಗೂ ವೇಷಧಾರಿಗೂ ಇರುವ ಅಂತರ ಒಂದೂವರೆ ಮೀಟರ್. 70-200 ಲೆನ್ಸಿನಲ್ಲಿ ಮುಖ, ಒಂದು ಕೈ, ಅಷ್ಟೇ. ಹಿಂದೆ ಸರಿಯೋಣ ಅಂದರೆ ಬೆನ್ನ ಹಿಂದೆ ಇನ್ನೊಬ್ಬರು ಬಣ್ಣ ಹಚ್ಚುತ್ತಿರುತ್ತಾರೆ. ರಿಕೋದಲ್ಲಿ ಅದೇ ಒಂದೂವರೆ ಮೀಟರಿಗೆ 1.9 ಮೀಟರ್ ಅಗಲ ಬರುತ್ತದೆ. ಮುಖ, ಕನ್ನಡಿಯೊಳಗಿನ ಮುಖ, ಡಬ್ಬಿ, ಪಕ್ಕದವರು ಸೊಂಟಕ್ಕೆ ಬಟ್ಟೆ ಬಿಗಿಯುತ್ತಿರುವುದು, ಎಲ್ಲ ಒಂದೇ ಫ್ರೇಮಿನಲ್ಲಿ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಕಲಾವಿದರ ಮುಖದಲ್ಲಿ ಕಾಣುತ್ತದೆ. ದೊಡ್ಡ ಲೆನ್ಸ್ ಎದುರಿಗೆ ಬಂದರೆ ಕೈ ನಿಲ್ಲುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಫೋಟೋಕ್ಕೆ ಅಂತ ಒಂದು ನೋಟ ಬರುತ್ತದೆ. ತಪ್ಪಲ್ಲ, ಅದೂ ಬೇಕಾಗುತ್ತದೆ. ಆದರೆ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಬಿಳಿ ಚುಟ್ಟಿ ಒಂದೊಂದೇ ಇಡುತ್ತಾ ಗಂಟೆಗಟ್ಟಲೆ ಕುಳಿತಿರುತ್ತಾರಲ್ಲ, ಆ ಏಕಾಗ್ರತೆ ಬೇಕು ಅಂದರೆ 257 ಗ್ರಾಂನ ಚಿಕ್ಕ ಕ್ಯಾಮರಾವೇ ಸರಿ. ಅದು ಕೈಯಲ್ಲಿ ಇರುವುದು ಅವರಿಗೆ ಗೊತ್ತಿರುತ್ತದೆ. ಆದರೂ ಅದರ ಭಾರ ಅವರ ಮೇಲೆ ಬೀಳುವುದಿಲ್ಲ.

ಗೊತ್ತಿರಲೇಬೇಕು ಕೂಡ. ಚಿಕ್ಕದು ಅಂತ ಕದ್ದು ತೆಗೆಯುವುದು ನನಗೆ ಒಪ್ಪಿಗೆ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಚೌಕಿಯ ದೇವರಿಗೆ ಕೈಮುಗಿಯಿರಿ. ಮೇಳದವರ ಹತ್ತಿರ ಒಂದು ಮಾತು ಕೇಳಿ. ಕಿರೀಟ, ಆಭರಣ ಮುಟ್ಟಬೇಡಿ. ಫ್ಲ್ಯಾಶ್ ಬೇಡವೇ ಬೇಡ. ರಿಕೋದಲ್ಲಿ ಆಪರೇಷನ್ ಸೌಂಡ್ ಮತ್ತು ಫೋಕಸ್ ಆಗುವಾಗ ಹತ್ತುವ ಚಿಕ್ಕ ಲೈಟು, ಎರಡನ್ನೂ ಮೆನುವಿನಲ್ಲಿ ಆಫ್ ಮಾಡಿ. ಮುಂದಿನ ಸಲ ಹೋಗುವಾಗ ಪ್ರಿಂಟ್ ತೆಗೆಸಿ ಕೊಡಿ.

ಚೌಕಿಯಲ್ಲಿ ನಾನು ಇಡುವ ಸೆಟ್ಟಿಂಗ್ ಹೀಗೆ: ಎಫ್ 4, ಶಟರ್ 1/125ಕ್ಕಿಂತ ಕೆಳಗೆ ಹೋಗದ ಹಾಗೆ, ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) ಆಟೋ, ಮೇಲಿನ ಮಿತಿ 6400. ರಿಕೋದ ಆಟೋಫೋಕಸ್ ಮಂದ ಬೆಳಕಿನಲ್ಲಿ ತಡಕಾಡುತ್ತದೆ. ಅದಕ್ಕೆ ಸ್ನ್ಯಾಪ್ ಫೋಕಸ್ ಬಳಸಿ. ಅಂದರೆ ದೂರವನ್ನು ನೀವೇ ಮೊದಲೇ ಗೊತ್ತು ಮಾಡಿಡುವುದು. ಒಂದೂವರೆ ಮೀಟರಿಗೆ ಇಟ್ಟರೆ ಎಫ್ 4ರಲ್ಲಿ ಸುಮಾರು 1.1ರಿಂದ 2.3 ಮೀಟರ್‌ವರೆಗೆ ಎಲ್ಲ ಶಾರ್ಪ್ ಇರುತ್ತದೆ. ಬಟನ್ ಒತ್ತಿದ ಕ್ಷಣವೇ ಫೋಟೋ. ಒಂದು ಎಚ್ಚರ: 28 ಎಂಎಂನಲ್ಲಿ ತುಂಬಾ ಹತ್ತಿರ ಹೋದರೆ ಮೂಗು ಉಬ್ಬುತ್ತದೆ, ಅಂಚಿನಲ್ಲಿರುವ ಮುಖ ಎಳೆದ ಹಾಗೆ ಆಗುತ್ತದೆ. ಒಂದು ಮೀಟರ್ ಬಿಟ್ಟೇ ಇರಿ, ಮುಖವನ್ನು ನಡುವಿನ ಹತ್ತಿರ ಇಡಿ. ಮುಖಗಳೇ ನಿಮಗೆ ಮುಖ್ಯ ಅಂದರೆ 2021ರಲ್ಲಿ ಬಂದ ಜಿಆರ್ 3ಎಕ್ಸ್ ನೋಡಿ. ಅದರ ನೋಟ 40 ಎಂಎಂ.

ಬೆಳಕಿನ ವಿಷಯದಲ್ಲಿ ದೊಡ್ಡ ಸೆನ್ಸರ್ ಎಷ್ಟು ಮೇಲು? ಫುಲ್‌ಫ್ರೇಮ್ 36x24 ಮಿಲಿಮೀಟರ್. ರಿಕೋದ ಎಪಿಎಸ್-ಸಿ ಸುಮಾರು 23.5x15.6. ವಿಸ್ತೀರ್ಣದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದು ಸ್ಟಾಪಿಗಿಂತ ತುಸು ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ರಿಕೋದಲ್ಲಿ ಐಎಸ್‌ಒ 6400ಕ್ಕೆ ಬರುವ ಗ್ರೇನ್ (ಕಾಳು ಕಾಳಾಗಿ ಕಾಣುವುದು) ಸೋನಿಯಲ್ಲಿ ಹೆಚ್ಚುಕಡಿಮೆ 15000ಕ್ಕೆ ಬರುತ್ತದೆ. ವ್ಯತ್ಯಾಸ ಇದೆ, ಆದರೆ ಜನ ಹೆದರಿಸುವಷ್ಟು ಇಲ್ಲ. ಎಲ್ಲ ಜೇಬಿನ ಕ್ಯಾಮರಾಗಳಿಗೂ ಈ ಮಾತು ಅನ್ವಯಿಸುವುದಿಲ್ಲ, ನೆನಪಿಡಿ. ಸೋನಿ ಆರ್‌ಎಕ್ಸ್100 ಮಾರ್ಕ್ 7 ನೋಡಿ. ಜೇಬಿನಲ್ಲೇ 24ರಿಂದ 200 ಎಂಎಂ ಝೂಮ್ ಕೊಡುತ್ತದೆ. ಕೇಳಲು ಆಸೆ ಹುಟ್ಟಿಸುತ್ತದೆ. ಆದರೆ ಅದರ ಸೆನ್ಸರ್ 13.2x8.8 ಮಾತ್ರ, ಝೂಮ್ ಪೂರ್ತಿ ಎಳೆದಾಗ ಲೆನ್ಸ್ ಎಫ್ 4.5. ಎರಡೂ ಸೇರಿದರೆ ದೊಡ್ಡ ಸೆಟ್ಟಿಗಿಂತ ನಾಲ್ಕು ಸ್ಟಾಪಿಗೂ ಹೆಚ್ಚು ಹಿಂದೆ. ಹಗಲಿನ ತೇರಿಗೆ ಅದು ಬಹಳ ಒಳ್ಳೆಯ ಕ್ಯಾಮರಾ. ರಾತ್ರಿಯ ರಂಗಸ್ಥಳಕ್ಕೆ ಅಲ್ಲ.

ರಂಗಸ್ಥಳದಲ್ಲಿ ಪುಂಡುವೇಷ (ಚುರುಕಿನ ಯುವ ವೀರನ ಪಾತ್ರ) ಹಾರಿ ತಿರುಗುತ್ತಾ ಧಿಗಿಣ ಹೊಡೆಯುವಾಗ 1/500 ಇಲ್ಲದೆ ಮುಖ ನಿಲ್ಲುವುದಿಲ್ಲ. ಎಫ್ 2.8, 1/500 ಅಂದರೆ ಐಎಸ್‌ಒ ಹೆಚ್ಚಾಗಿ 6400 ದಾಟುತ್ತದೆ. ಇಲ್ಲಿ ಆ ಒಂದು ಸ್ಟಾಪ್ ಬೆಲೆ ಬಾಳುತ್ತದೆ. ಸೆಕೆಂಡಿಗೆ 10 ಫೋಟೋ, ಕಣ್ಣನ್ನು ಹಿಡಿದು ಹಿಂಬಾಲಿಸುವ ಫೋಕಸ್, ಇವು ಬೇಕೇ ಬೇಕು. ಸ್ತ್ರೀವೇಷ, ಪುಂಡುವೇಷದ ಕಣ್ಣನ್ನು ಸೋನಿ ಸಲೀಸಾಗಿ ಹಿಡಿಯುತ್ತದೆ. ಬಣ್ಣದ ವೇಷದಲ್ಲಿ ಚುಟ್ಟಿಯ ನಡುವೆ ಕಣ್ಣು ಎಲ್ಲಿದೆ ಅಂತ ಅದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಆಗ ಕಣ್ಣಿನ ಫೋಕಸ್ ಬಿಟ್ಟು ಚಿಕ್ಕ ಫೋಕಸ್ ಚೌಕವನ್ನು ಮುಖದ ಮೇಲೆ ಇಡಿ.

ಎಲ್‌ಇಡಿ ಲೈಟುಗಳ ಕಾಟ ಗೊತ್ತಿರಲಿ. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, 1/500 ಶಟರಿಗೆ ಕಾಣುತ್ತದೆ. ಸೋನಿಯಲ್ಲಿ ಸೈಲೆಂಟ್ ಶಟರ್ ಹಾಕಿದರೆ ಫೋಟೋದಲ್ಲಿ ಅಡ್ಡ ಪಟ್ಟಿಗಳು ಬೀಳುತ್ತವೆ, ಯಾಕೆಂದರೆ ಅದರ ಸೆನ್ಸರ್ ಸಾಲು ಸಾಲಾಗಿ ನಿಧಾನಕ್ಕೆ ಓದುತ್ತದೆ. ಮೆಕ್ಯಾನಿಕಲ್ ಶಟರ್ ಇಡಿ, ಆಂಟಿ-ಫ್ಲಿಕರ್ ಆನ್ ಮಾಡಿ. ಚೆಂಡೆಯ ಅಬ್ಬರದಲ್ಲಿ ಶಟರ್ ಶಬ್ದ ಯಾರಿಗೂ ಕೇಳದು. ಭಾಗವತರು ನಿಧಾನದ ಪದ ಹೇಳುವಾಗ ಮಾತ್ರ ಮುಂದೆ ಕುಳಿತವರಿಗೆ ಕಿರಿಕಿರಿ, ಆಗ ಬೆರಳು ಬಿಗಿ ಹಿಡಿಯಿರಿ. ರಿಕೋದ ಶಟರ್ ಲೆನ್ಸಿನೊಳಗೇ ಇದೆ, ಶಬ್ದವೂ ಇಲ್ಲದಷ್ಟು ಕಮ್ಮಿ. ಇಡೀ ಫ್ರೇಮನ್ನು ಹೆಚ್ಚುಕಡಿಮೆ ಒಟ್ಟಿಗೇ ತೆರೆಯುವುದರಿಂದ ಪಟ್ಟಿ ಬರುವುದಿಲ್ಲ. ಆದರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಪ್ಪಗೆ ಆಗಬಹುದು. ಎರಡು ಮೂರು ತೆಗೆದು ಒಂದನ್ನು ಇಟ್ಟುಕೊಳ್ಳಿ. ಯಾವ ಕ್ಯಾಮರಾ ಆದರೂ ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ಫೈಲ್) ತೆಗೆಯಿರಿ. ಎಲ್‌ಇಡಿಯ ಕೆಳಗೆ ಮುಖದ ಕೆಂಪು ಬೇಗ ಉರಿದು ಹೋಗುತ್ತದೆ. ಎಕ್ಸ್‌ಪೋಷರ್ -0.7ಕ್ಕೆ ಇಳಿಸಿದರೆ ಅದು ಉಳಿಯುತ್ತದೆ.

ಇಷ್ಟು ಕೇಳಿ ರಂಗಸ್ಥಳ ಪೂರ್ತಿ ದೊಡ್ಡದರದ್ದೇ ಅನ್ನಬೇಡಿ. ಮಹಿಷಾಸುರನ ಪ್ರವೇಶ ಬರುತ್ತದಲ್ಲ, ಅದು ಜನರ ನಡುವಿನಿಂದಲೇ. ದೂರದಿಂದ ದೊಂದಿ ಕಾಣುತ್ತದೆ, ರಾಳ ಎರಚಿದಾಗ ಬೆಂಕಿ ಭಗ್ ಅಂತ ಏಳುತ್ತದೆ, ಮಕ್ಕಳು ಎದ್ದು ನಿಲ್ಲುತ್ತಾರೆ, ಆ ಕೊಂಬಿನ ವೇಷ ನಿಮ್ಮ ಪಕ್ಕದಲ್ಲೇ ಹಾದು ಹೋಗುತ್ತದೆ. ಎಂಟು ಮೀಟರ್ ಇದ್ದದ್ದು ಎರಡು ಮೀಟರ್ ಆಗುತ್ತದೆ. 70-200 ಆ ಹೊತ್ತಿಗೆ ಹೆಗಲ ಮೇಲೆ ಇರಲಿ. ರಿಕೋವನ್ನು ಮೊದಲೇ ಸಿದ್ಧ ಮಾಡಿ: ಸ್ನ್ಯಾಪ್ ಎರಡೂವರೆ ಮೀಟರ್, ಎಫ್ 4, 1/250, ಐಎಸ್‌ಒ 6400, ಎಲ್ಲ ಮ್ಯಾನುಯಲ್. ಆಟೋದಲ್ಲಿ ಇಟ್ಟರೆ ಬೆಂಕಿ ಕಂಡ ಕೂಡಲೇ ಕ್ಯಾಮರಾ ಉಳಿದದ್ದನ್ನು ಕಪ್ಪು ಮಾಡುತ್ತದೆ. ಈ ಸೆಟ್ಟಿಂಗಿನಲ್ಲಿ ಒಂದೂವರೆಯಿಂದ ಆರು ಮೀಟರ್‌ವರೆಗೆ ಶಾರ್ಪ್. ವೇಷವೂ ಬರುತ್ತದೆ, ಬಾಯಿ ತೆರೆದು ನೋಡುವ ಮಕ್ಕಳೂ ಬರುತ್ತಾರೆ. ನನಗೆ ಈ ಫೋಟೋ ಅಂದರೆ ಪ್ರಾಣ.

ರಾಳದ ಹೊಗೆ, ಬಯಲಿನ ಧೂಳು, ಜನವರಿಯ ಮಂಜು, ಮೂರನ್ನೂ ಹೋಲಿಕೆಯಲ್ಲಿ ಸೇರಿಸಿ. ಸೋನಿಯ ಬಾಡಿ, ಆ ಲೆನ್ಸ್, ಎರಡಕ್ಕೂ ಧೂಳು ತೇವ ತಡೆಯುವ ಸೀಲಿಂಗ್ ಇದೆ. ಲೆನ್ಸ್ ಮಾತ್ರ ಅಲ್ಲಿ ಬಿಚ್ಚಬೇಡಿ. ಸೆನ್ಸರ್ ಮೇಲೆ ಧೂಳು ಬಿದ್ದರೂ ಬ್ಲೋವರಿನಲ್ಲಿ ನೀವೇ ಊದಬಹುದು. ರಿಕೋಗೆ ಸೀಲಿಂಗ್ ಇಲ್ಲ. ಆನ್ ಮಾಡಿದಾಗ ಲೆನ್ಸ್ ಹೊರಗೆ ಬಂದು, ಆಫ್ ಮಾಡಿದಾಗ ಒಳಗೆ ಹೋಗುತ್ತದೆ, ಹೋಗುವಾಗ ಧೂಳನ್ನೂ ಎಳೆದುಕೊಳ್ಳುತ್ತದೆ. ಒಳಗೆ ಹೋಗಿ ಅಂಟಿಕೊಂಡ ಧೂಳು ತೆಗೆಯಲು ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿಸಬೇಕು. ಆದ್ದರಿಂದ ಜೇಬಿನಲ್ಲಿ ಬರಿದೇ ಇಡಬೇಡಿ, ಜಿಪ್ ಇರುವ ಚಿಕ್ಕ ಪೌಚಿನಲ್ಲಿ ಹಾಕಿ. ರಾಳ ಎರಚುವ ಹೊತ್ತಿಗೆ ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ.

ಬ್ಯಾಟರಿಯಲ್ಲಿ ರಿಕೋ ಸೋಲುತ್ತದೆ. ಕಂಪೆನಿ ಹೇಳುವ ಲೆಕ್ಕ ಸುಮಾರು 200 ಫೋಟೋ, ಸೋನಿಯದ್ದು ವ್ಯೂಫೈಂಡರಿನಲ್ಲಿ 520. ಕೆಲವೇ ಗಂಟೆಯ ಕಾಲಮಿತಿ ಆಟಕ್ಕೆ ಒಂದು ಹೆಚ್ಚಿನ ಬ್ಯಾಟರಿ ಸಾಕು, ಬೆಳಗಿನವರೆಗೆ ನಿಲ್ಲುವವರಿಗೆ ಎರಡು ಬೇಕು. ಸೋನಿಯಲ್ಲಿ ಎರಡು ಕಾರ್ಡ್ ಹಾಕಬಹುದು. ದುಡ್ಡು ತಗೊಂಡು ಮದುವೆ ತೆಗೆಯುವವರು ಇದೊಂದಕ್ಕೇ ದೊಡ್ಡದನ್ನು ಆರಿಸಿದರೂ ನಾನು ಸರಿ ಅನ್ನುತ್ತೇನೆ. ಭಾರ? ಬಾಡಿ 658 ಗ್ರಾಂ, ಲೆನ್ಸಿನ ಎರಡನೇ ಆವೃತ್ತಿ 1045 ಗ್ರಾಂ. ನಡುರಾತ್ರಿ ಕಳೆದ ಮೇಲೆ ಮಣಿಕಟ್ಟು ಇದನ್ನು ಹೇಳುತ್ತದೆ.

ಕೊಳ್ಳುವ ಮುಂಚೆ ಹೀಗೆ ಮಾಡಿ. ನಿಮ್ಮ ಫೋನಿನ ಗ್ಯಾಲರಿ ತೆರೆದು ಇಷ್ಟವಾದ ಆಟದ ಫೋಟೋಗಳನ್ನು ಬೇರೆ ಮಾಡಿ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮರಾದ ನೋಟ 24-26 ಎಂಎಂ ಆಸುಪಾಸು, ರಿಕೋಗೆ ಹತ್ತಿರ. ಅದರಲ್ಲೇ ತೃಪ್ತಿ ಇದ್ದರೆ, ಇನ್ನಷ್ಟು ಒಳ್ಳೆಯ ಬಣ್ಣ ಮತ್ತು ಬೆಳಕು ಸಾಕು ಅನ್ನಿಸಿದರೆ, ಚಿಕ್ಕದು ನಿಮ್ಮದು. ಪ್ರತಿ ಫೋಟೋದಲ್ಲೂ ಬೆರಳಿನಿಂದ ಹಿಗ್ಗಿಸಿ ವೇಷದ ಮುಖ ಹುಡುಕುತ್ತಿದ್ದೀರಾ? ನಿಮಗೆ ಬೇಕಾದದ್ದು ಉದ್ದದ ಲೆನ್ಸ್. ಹಾಗಿದ್ದರೆ ಬಾಡಿಯಷ್ಟೇ ದುಡ್ಡು ಲೆನ್ಸಿಗೂ ತೆಗೆದಿಡಿ. ಬಾಡಿ ಹಳೆಯದಾದರೂ ನಡೆಯುತ್ತದೆ, ಎಫ್ 2.8 ಬಿಟ್ಟುಕೊಡಬೇಡಿ. ದೊಡ್ಡದು ವರ್ಷಕ್ಕೆ ಕೆಲವು ರಾತ್ರಿ ಮಾತ್ರ ಬೇಕು ಅಂದರೆ ದಿನದ ಬಾಡಿಗೆಗೆ ತನ್ನಿ, ಚಿಕ್ಕದನ್ನು ಕೊಂಡುಕೊಳ್ಳಿ.

ಹಳೆಯ ರಿಕೋ ತಗೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ. ಬೂದು ಚುಕ್ಕೆ ಕಂಡರೆ ಒಳಗೆ ಧೂಳಿದೆ, ಸರ್ವಿಸ್ ಖರ್ಚು ಕಳೆದು ಬೆಲೆ ಮಾತಾಡಿ. ಹಳೆಯ ಸೋನಿಗೂ ಇದೇ ಪರೀಕ್ಷೆ. ಅಲ್ಲಿ ಚುಕ್ಕೆ ಕಂಡರೆ ಹೆದರಬೇಕಿಲ್ಲ, ಬ್ಲೋವರಿನಲ್ಲಿ ಊದಿ ಇನ್ನೊಮ್ಮೆ ತೆಗೆದು ನೋಡಿ.