ಬಿ ಪಾಸಿಟಿವ್ ಅಂದರೆ ಬ್ಲಡ್ ಗ್ರೂಪ್ ಅಲ್ಲ

ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ಸೋಮವಾರಪೇಟೆಯಲ್ಲಿ ರಕ್ತದಾನ ಶಿಬಿರ ಇತ್ತು. ಸ್ನೇಹಿತರ ಜೊತೆ ಹೋಗಿ ನಾನೂ ಕೊಟ್ಟು ಬಂದೆ. ಎರಡು ವಾರ ಬಿಟ್ಟು ಫೋನ್ ಬಂತು. ‘ಒಂದ್ಸಲ ಬಂದು ಹೋಗಿ, ಫೋನಲ್ಲಿ ಹೇಳೋಕಾಗಲ್ಲ.’ ಹೋದರೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಿ ಎಂದರು. ಹೊರಗೆ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಸಂಜೆ ಕೌಂಟರಿನ ಹುಡುಗ ಹತ್ತು ಜನರ ಎದುರೇ, ‘ಅಣ್ಣಾ, ನಿಮ್ದು ಬಿ ಪಾಸಿಟಿವ್’ ಎಂದು ಕೂಗಿದ. ಪಕ್ಕದಲ್ಲಿದ್ದ ಹೆಂಡತಿ, ‘ಅಲ್ಲ ರೀ, ನಿಮ್ದು ಓ ಪಾಸಿಟಿವ್ ಅಲ್ವಾ?’ ಎಂದಳು.

ಅವಳನ್ನು ನೋಡಿ ನಗುವ ಹಾಗಿರಲಿಲ್ಲ. ಹುಡುಗ ಹೇಳಿದ್ದು ಹೆಪಟೈಟಿಸ್ ಬಿ, ಲಿವರಿಗೆ ತಗಲುವ ಒಂದು ವೈರಸ್. ಆ ಹೆಸರನ್ನು ನಾನೂ ಅವತ್ತೇ ಕೇಳಿದ್ದು. ನಮಗೆ ಗೊತ್ತಿದ್ದದ್ದು ಕಾಮಾಲೆ ಒಂದೇ. ಕಣ್ಣು ಹಳದಿ ಆದರೆ ಕಾಮಾಲೆ. ನನ್ನ ಕಣ್ಣು ಬೆಳ್ಳಗೇ ಇತ್ತು, ತೋಟದಲ್ಲಿ ದಿನಪೂರ್ತಿ ಕೆಲಸವೂ ಆಗುತ್ತಿತ್ತು.

ಊರಲ್ಲಿ ಸುದ್ದಿ ಹರಡೋದಕ್ಕೆ ಎಷ್ಟು ಹೊತ್ತು ಬೇಕು? ವಾರದೊಳಗೆ ಸಲಹೆಗಳು ರಾಶಿ ಬಿದ್ದವು. ಪಕ್ಕದ ತೋಟದ ಮಾವ ನೆಲನೆಲ್ಲಿ ಸೊಪ್ಪಿನ ರಸ ಹಿಡಿದುಕೊಂಡೇ ಬಂದರು. ಮೂರು ದಿನ ಬೆಳಿಗ್ಗೆ ಹಾಲಿನಲ್ಲಿ ಕುಡಿ, ಉಪ್ಪು ಖಾರ ಬಿಡು ಎಂದರು. ಅವರ ಮಗನಿಗೆ ಅದರಲ್ಲೇ ವಾಸಿಯಾಗಿತ್ತಂತೆ. ಇನ್ನೊಬ್ಬರು ನೀರು ಕಾಯಿಸಿ ಕುಡಿ ಎಂದರು. ಮತ್ತೊಬ್ಬರು ‘ಲಿವರ್ ಹೋಯ್ತು ಅಂತಾನೇ ಲೆಕ್ಕ’ ಎಂದರು. ಹೆಂಡತಿ ಹೆದರಿ ನನಗೊಂದು ತಟ್ಟೆ, ಲೋಟ ಬೇರೆ ಮಾಡಿದಳು. ಗುರುತಿಗೆ ತಟ್ಟೆಯ ಅಂಚಿಗೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದಳು.

ದಾರಿ ತೋರಿಸಿದ್ದು ಅಕ್ಕನ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ‘ಮಾವ, ಯಾರು ಏನೇ ಹೇಳಲಿ, ಅದು ಯಾವ ಅಕ್ಷರದ್ದು ಅಂತ ಮೊದಲು ಕೇಳಿ’ ಎಂದಳು. ಹೆಪಟೈಟಿಸ್‌ನಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ಬಗೆಯಂತೆ. ಎ, ಇ ಎರಡೂ ಕೊಳಕು ನೀರು, ಆಹಾರದಿಂದ ಬರುವಂಥವು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತವೆ. ಆದರೆ ಗರ್ಭಿಣಿಯರಿಗೆ ಇ ಅಪಾಯಕಾರಿ. ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ, ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಕೂರಬಲ್ಲವು. ಡಿ ಬರುವುದು ಬಿ ಇದ್ದವರಿಗೆ ಮಾತ್ರ. ಸಿಗೆ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲೇ ಗುಣ ಕಾಣುತ್ತದೆ, ಆದರೆ ಲಸಿಕೆ ಇಲ್ಲ. ಬಿಗೆ ಲಸಿಕೆ ಇದೆ, ಬುಡಸಮೇತ ಕೀಳುವ ಮಾತ್ರೆ ಇನ್ನೂ ಇಲ್ಲ.

ಈ ಜರಡಿ ಹಿಡಿದು ನೋಡಿದಾಗ, ನನಗೆ ಸಿಕ್ಕಿದ್ದ ಸಲಹೆಯಲ್ಲಿ ಮುಕ್ಕಾಲು ಪಾಲು ಬೇರೆ ಕಾಯಿಲೆಯದ್ದು. ಮಾವನ ಮಗನಿಗೆ ಬಂದದ್ದು ಎ ಇದ್ದಿರಬೇಕು. ಸೊಪ್ಪು ಕುಡಿಯದಿದ್ದರೂ ಹೋಗುತ್ತಿತ್ತೇನೋ. ಅವರೆದುರು ಹಾಗೆ ಹೇಳಲಿಲ್ಲ ಬಿಡಿ, ಪ್ರೀತಿಯಿಂದ ತಂದಿದ್ದರು.

ಆದರೂ ನೆಲನೆಲ್ಲಿ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗಲ್ಲ, ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಅಲ್ಲಿ ನಿಂತು ಹುಡುಕಿದಾಗ 1988ರ ಮದ್ರಾಸಿನ ಒಂದು ಅಧ್ಯಯನ ಸಿಕ್ಕಿತು. ನೆಲನೆಲ್ಲಿ ತಿಂದ ಹಲವರ ರಕ್ತದಲ್ಲಿ ಬಿ ವೈರಸ್ಸಿನ ಗುರುತೇ ಹೋಯಿತು ಎಂದಿತ್ತು. ಅದರಲ್ಲಿ ಕೈಜೋಡಿಸಿದ್ದವರು ಬರೂಖ್ ಬ್ಲೂಂಬರ್ಗ್. ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದವರು. ಇನ್ನೇನು ಬೇಕು ಅನ್ನಿಸಿ ಅಕ್ಕನ ಮಗಳಿಗೆ ಕಳಿಸಿದೆ. ಅವಳು ಒಂದೇ ಸಾಲಿನಲ್ಲಿ ಉತ್ತರಿಸಿದಳು: ‘ಅದಾದ ಮೇಲೆ ಬೇರೆಯವರು ಮಾಡಿದಾಗ ಏನಾಯ್ತು ನೋಡಿ.’ ನೋಡಿದೆ. ಬೇರೆ ಕಡೆ ಮಾಡಿದವರಿಗೆ ಆ ಫಲ ಸಿಕ್ಕಿರಲಿಲ್ಲ. ಅವತ್ತಿನಿಂದ ಏನೇ ಓದಿದರೂ ಮೊದಲು ಇಸವಿ ನೋಡುತ್ತೇನೆ, ಆಮೇಲೆ ಕೊನೆಯಲ್ಲಿ ಏನಾದರೂ ಮಾರಾಟಕ್ಕಿದೆಯಾ ಅಂತ. ಬಾಟಲಿಯ ಚಿತ್ರ ಕಂಡರೆ ಮುಚ್ಚಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯದ್ದನ್ನೂ, ಅಮೆರಿಕದ ಹೆಪಟೈಟಿಸ್ ಬಿ ಫೌಂಡೇಶನ್ ಬರೆದದ್ದನ್ನೂ ಅವಳೇ ಓದಿ ಕನ್ನಡದಲ್ಲಿ ಹೇಳಿದಳು. ಜೊತೆಗೆ ಕೂತು ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ ಬಿ ಹರಡಲ್ಲ. ಶೇವಿಂಗ್ ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಬೇರೆ ಇರಬೇಕು, ಒಣಗಿದ ರಕ್ತದ ಕಲೆಯಲ್ಲೂ ಅದು ಏಳು ದಿನ ಬದುಕಿರಬಲ್ಲದು. ಸ್ಪೀಕರ್ ಹಾಕಿ ಹೆಂಡತಿಗೂ ಕೇಳಿಸಿದೆ. ಮಾರನೇ ದಿನ ತಟ್ಟೆ ಉಳಿದವುಗಳ ಜೊತೆ ಸ್ಟ್ಯಾಂಡಿಗೆ ಹೋಯಿತು. ನೈಲ್ ಪಾಲಿಶ್ ಇನ್ನೂ ಪೂರ್ತಿ ಹೋಗಿಲ್ಲ.

ಆಮೇಲೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆ. ಹಿಂದಿನ ರಾತ್ರಿ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದಿಟ್ಟಿದ್ದೆ. ವೈರಸ್ ಎಷ್ಟಿದೆ, ಲಿವರಿಗೆ ಏಟು ಬಿದ್ದಿದೆಯಾ, ಮಾತ್ರೆ ಬೇಕಾ, ಮನೆಯವರು ಏನು ಮಾಡಬೇಕು. ಡಾಕ್ಟರ ಎದುರು ಕೂತರೆ ನನಗೆ ಎಲ್ಲ ಮರೆತುಹೋಗುತ್ತೆ, ಅದಕ್ಕೇ. ಅವರು ಹಾಳೆ ಇಸ್ಕೊಂಡು ಒಂದೊಂದರ ಪಕ್ಕದಲ್ಲೂ ಉತ್ತರ ಬರೆದುಕೊಟ್ಟರು. ಲಿವರಿಗೆ ಏಟು ಬಿದ್ದಿದೆಯಾ ಎಂದು ತೋರಿಸುವ ಎಸ್‌ಜಿಪಿಟಿ, ವೈರಸ್ ಎಷ್ಟಿದೆ ಎಂದು ಎಣಿಸುವ ಡಿಎನ್‌ಎ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ರಕ್ತದಲ್ಲಿ ವೈರಸ್ಸಿನ ಗುರುತು ಆರು ತಿಂಗಳ ಮೇಲೂ ಇದ್ದರೆ ಅದು ಕಾಯಂ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಅಂತ 2018ರಿಂದ ಇದೆ, ಅದರಡಿ ಬಿ, ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ನನಗಿದು ಗೊತ್ತೇ ಇರಲಿಲ್ಲ, ಹೊರಗೆ ಸುಮ್ನೆ ದುಡ್ಡು ಸುರಿದಿದ್ದೆ.

ನನ್ನ ವೈರಸ್ ಲೆಕ್ಕ ಕಡಿಮೆ ಇತ್ತು, ಲಿವರ್ ಚೆನ್ನಾಗಿತ್ತು. ಸದ್ಯ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಕಾಯಿಲೆ ಇದೆ, ಮಾತ್ರೆ ಇಲ್ಲ ಅಂದರೆ ಊರಲ್ಲಿ ಯಾರೂ ನಂಬಲ್ಲ. ನಾನೂ ನಂಬದೆ ಇನ್ನೊಬ್ಬ ಡಾಕ್ಟರನ್ನು ಕೇಳಿದೆ. ಅವರದೂ ಅದೇ ಮಾತು. ಒಂದು ಸೇರಿಸಿದರು: ಮುಂದೆ ಮಾತ್ರೆ ಶುರುವಾದರೆ ನೀವಾಗಿ ನಿಲ್ಲಿಸಬೇಡಿ, ಕಾಯಿಲೆ ಒಮ್ಮೆಲೇ ಕೆರಳಬಹುದು.

ಹೆಂಡತಿಗೆ ನೆಗೆಟಿವ್ ಬಂತು. ಲಸಿಕೆ ಹಾಕಿಸಿದೆವು, ಅವತ್ತೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೊಂದು. ಮಕ್ಕಳಿಗೆ ಹುಟ್ಟಿದಾಗಲೇ ಹಾಕಿದ್ದರು, ಆದರೂ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ಇಲ್ಲ.

ಅವ್ವನಿಗೆ ಪಾಸಿಟಿವ್.

ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಒಲೆ ಮುಂದೆ ಕೂತು, ‘ನನ್ನಿಂದ ಬಂತಾ ನಿಂಗೆ?’ ಎಂದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ, ಹಾಗೆ ಬಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಕೊಳ್ಳುತ್ತದೆ. ನಾನು ಹುಟ್ಟಿದ್ದು 1979ರಲ್ಲಿ. ಆಗ ಬಿಗೆ ಲಸಿಕೆ ಪ್ರಪಂಚದಲ್ಲೇ ಮಾರುಕಟ್ಟೆಗೆ ಬಂದಿರಲಿಲ್ಲ ಎಂದೆ. ‘ಇದ್ದಿದ್ರೆ ಹಾಕಿಸ್ತಿದ್ದೆ ಕಣೋ’ ಎಂದಳು. ಅವಳನ್ನು ಕೂರಿಸಿ ಮಾತಾಡಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಒಂದು ದಿನವಲ್ಲ, ಬಂದಾಗಲೆಲ್ಲ ಹತ್ತು ನಿಮಿಷ. ಆ ಹತ್ತು ನಿಮಿಷದಿಂದ ಆದ ಉಪಕಾರ ನಾನು ಓದಿದ್ದರಿಂದ ಆಗಲಿಲ್ಲ.

ಕಷ್ಟ ಇರೋದು ಮದುವೆ ಮನೆಗಳಲ್ಲಿ. ಕೊಡಗಿನ ಮದುವೆಯಲ್ಲಿ ಗ್ಲಾಸು ಬೇಡ ಅಂದರೆ ಮುನಿಸಿಕೊಂಡ ಹಾಗೆ. ಕುಡಿತ ಬಿಡಬೇಕು ಅನ್ನೋದಂತೂ ಎಲ್ಲ ಡಾಕ್ಟರೂ ಒಪ್ಪಿದ ಮಾತು. ಮೊದಲು ‘ಮಾತ್ರೆ ತಗೋತಿದ್ದೀನಿ’ ಅಂತ ಸುಳ್ಳು ಬಿಡುತ್ತಿದ್ದೆ. ಈಗ ನಿಂಬೆ ಹಿಂಡಿದ ಸೋಡಾ ಹಿಡಿದು ನಿಲ್ಲುತ್ತೇನೆ, ಯಾರೂ ಕೇಳಲ್ಲ.

ಮುಂದಿನ ಸಲ ಮಡಿಕೇರಿಗೆ ಹೋಗಬೇಕಾದ್ದು ಜುಲೈನಲ್ಲಿ, ಜೋರು ಮಳೆ ಹೊತ್ತು. ಅವ್ವನ ರಿಪೋರ್ಟು, ನನ್ನದು ಎರಡೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆ. ಈ ಸಲ ಹಾಳೆಯಲ್ಲಿ ಮೊದಲ ಪ್ರಶ್ನೆ ಅವಳದ್ದು: ಮೊಣಕಾಲು ನೋವಿನ ಮಾತ್ರೆ ತಗೋಬಹುದಾ?