ಪುಡಿಗೂ ಒಂದು ಹೆಸರು ಬೇಕು

ಹೋದ ವರ್ಷ ಒಂದು ಮಧ್ಯಾಹ್ನ, ಊಟಕ್ಕೆ ಕೂರುವ ಮೊದಲೇ ನಮ್ಮ ಮಾವ ಬೆವೆತು ನಡುಗತೊಡಗಿದರು. ಮಶೀನ್‌ನಲ್ಲಿ ನೋಡಿದರೆ ಶುಗರ್ ಬರೀ 56ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಶುಗರ್ ಇಳಿಸಲು ಡಾಕ್ಟರು ಬರೆದ ಗ್ಲಿಮೆಪಿರೈಡ್ ಮಾತ್ರೆ ಜೊತೆ, ಯಾರೋ ಕೊಟ್ಟ ಪುಡಿಯನ್ನೂ ಎರಡು ವಾರದಿಂದ ತಗೊಳ್ತಿದ್ದರಂತೆ.

"ಗಿಡಮೂಲಿಕಿ ಐತವ್ವಾ, ಏನೂ ಆಗಂಗಿಲ್ಲ" ಅಂದರು.

ಗದಗ ಜಿಲ್ಲೆಯವರಿಗೆ ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡ ಇದೆ, ಗಿಡಮೂಲಿಕೆ ಮೇಲೆ ನಂಬಿಕೆ ಜಾಸ್ತಿ. ನನಗೂ ಇದೆ. ಅದಕ್ಕೇ ಸರಿಯಾಗಿ ತಿಳ್ಕೋಬೇಕು ಅನ್ನಿಸಿತು.

ಪೊಟ್ಟಣದ ಮೇಲೆ "ಸಕ್ಕರೆ ಕಾಯಿಲೆಗೆ ರಾಮಬಾಣ" ಅಂತಿತ್ತು. ಗಿಡದ ಹೆಸರಿಲ್ಲ, ಲೈಸೆನ್ಸ್ ನಂಬರಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಬರೀ ಜಾಹೀರಾತು. ಪುಡಿ ಜೊತೆ ನಾಲ್ಕು ಒಣ ಎಲೆ ಕೊಟ್ಟಿದ್ದರು. ಅವನ್ನು ಪರಿಚಯದ ಆಯುರ್ವೇದ ವೈದ್ಯರೊಬ್ಬರ ಹತ್ತಿರ ಒಯ್ದೆ. "ಎಲೆ ಮಧುನಾಶಿನಿದು. ಪುಡಿಯಲ್ಲಿ ಅದೊಂದೇ ಐತೋ ಇಲ್ಲೋ, ಬರೀ ನೋಡಿ ಹೇಳಾಕ ಆಗೂದಿಲ್ರೀ" ಅಂದರು. ತಮ್ಮ ತೋಟದ ಒಂದು ಹಸಿ ಎಲೆ ಕೊಟ್ಟು ಅಗಿಯಲು ಹೇಳಿದರು. ಆಮೇಲೆ ನಾಲಿಗೆ ಮೇಲೆ ಸಕ್ಕರೆ ಹಾಕಿಕೊಂಡರೆ ಸಿಹಿಯೇ ಇಲ್ಲ, ಮರಳು ತಿಂದ ಹಾಗಿತ್ತು.

ಸಸ್ಯಶಾಸ್ತ್ರದ ಹೆಸರನ್ನೂ ಬರೆದುಕೊಟ್ಟರು: ಜಿಮ್ನೆಮಾ ಸಿಲ್ವೆಸ್ಟ್ರೆ. ದಾರಿ ಸಿಕ್ಕಿದ್ದೇ ಅಲ್ಲಿಂದ. ನಮ್ಮಲ್ಲಿ ಒಂದೇ ಹೆಸರಿಗೆ ಎರಡು ಮೂರು ಗಿಡ ಇರುತ್ತವೆ, ಈ ಹೆಸರಲ್ಲಿ ಹುಡುಕಿದರೆ ಗಿಡ ತಪ್ಪುವುದಿಲ್ಲ. ಅಮೆರಿಕದ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಗಿಡಮೂಲಿಕೆಗಳ ಮಾಹಿತಿಯನ್ನು ಎಲ್ಲರಿಗೂ ಪುಕ್ಕಟೆ ಇಟ್ಟಿದ್ದಾರೆ. ಶುಗರ್ ಮಾತ್ರೆ ಜೊತೆ ಇದು ಸೇರಿದರೆ ಶುಗರ್ ತೀರಾ ಇಳಿಯಬಹುದು ಅಂತ ಅಲ್ಲಿತ್ತು. ವಿಟಮಿನ್, ಕ್ಯಾಲ್ಸಿಯಂ ಬಗ್ಗೆ ಅಲ್ಲಿನ ಸರ್ಕಾರದ್ದೇ ಆಹಾರ ಪೂರಕಗಳ ಕಚೇರಿಯ ಪುಟ ನೋಡುತ್ತೇನೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು ಅನ್ನೋದನ್ನು ಹೀಗೆ ಹುಡುಕುವಾಗಲೇ ತಿಳ್ಕೊಂಡು ತಂಗಿಗೆ ಹೇಳಿದೆ.

ಡಬ್ಬಿ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರನ್ನು ಸುಮ್ನೆ ನಂಬಿಬಿಡಬೇಡಿ. ಅದು ಕಂಪನಿಗೆ ಪರವಾನಗಿ ಇದೆ ಅನ್ನುತ್ತದೆ, ರೋಗ ವಾಸಿಯಾಗುತ್ತದೆ ಅನ್ನುವುದಿಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಕೊಡುವುದಕ್ಕೇ 1954ರ ಕಾನೂನಿನಲ್ಲಿ ನಿಷೇಧ ಇದೆ. ಹಾಗಾಗಿ "ರಾಮಬಾಣ" ಅಂತ ಕಂಡರೆ ನಾನು ಮುಂದೆ ಓದುವುದೇ ಇಲ್ಲ.

ಪೊಟ್ಟಣ, ಎಲೆ, ಮಾತ್ರೆ ಚೀಟಿ ಮೂರನ್ನೂ ತಗೊಂಡು ಮಾವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಪುಡಿ ನಿಲ್ಲಿಸಿ, ವಾರ ಪೂರ್ತಿ ಶುಗರ್ ಬರೆದಿಡಲು ಹೇಳಿದರು. ಈಗ ಯಾರಾದರೂ ಹೊಸ ಪುಡಿ ಕೊಟ್ಟರೆ ಮಾವ ಮೊದಲು ಕೇಳೋದು, "ಇದರ ಗಿಡದ ಹೆಸರೇನ್ರೀ?"